ಅಗ್ಗದ ಮತ್ಸ್ಯಪೇಟಿಕಾಲಂಕಾರ: ಒಂದು ತಾತ್ವಿಕ ಮಂಡನೆ

ಊಟದ ಹೊತ್ತು ಮೀರಿದರೂ ಮುಗಿಯದ ಮುಂಬಯಿಯ ವಿಚಾರ ಸಂಕಿರಣಗಳ ಪರಂಪರೆಗೆ ನಿಷ್ಠನಾಗಿ ಮೊದಲೇ ಹೇಳಿಬಿಡುತ್ತೇನೆ: ಅಕ್ವೇರಿಯಂ ಗಾಜಿನ ಪೆಟ್ಟಿಗೆಯಲ್ಲ, ಅದೊಂದು ದ್ರವರೂಪಿ ಸಂಕಥನ. 1951ರಲ್ಲಿ ಮರೀನ್ ಡ್ರೈವಿನಲ್ಲಿ ತೆರೆದ ತಾರಾಪೊರೆವಾಲಾ ಅಕ್ವೇರಿಯಂ ಇದರ ಕೇಂದ್ರಪಠ್ಯ. ಡೊಂಬಿವಲಿಯ ಒನ್ ರೂಮ್ ಕಿಚನ್ನಿನಲ್ಲಿ ಟಿವಿ ಪಕ್ಕ ಕೂತ ಎರಡಡಿ ತೊಟ್ಟಿ ಅಂಚಿನ ಪಠ್ಯ. ಅಂಚು ಕೇಂದ್ರವನ್ನು ಪ್ರಶ್ನಿಸುತ್ತದೆ. ತೊಟ್ಟಿ ಸೋರಿದರೆ ಕೆಳಗಿನ ಮನೆಯವರೂ ಪ್ರಶ್ನಿಸುತ್ತಾರೆ.

ಅಲಂಕಾರಗಳು ನಾಲ್ಕು. ಮೊದಲನೆಯದು ಶಿಲಾಲಂಕಾರ. ಕಟ್ಟಡದ ಕೆಲಸದಲ್ಲಿ ಉಳಿದ ಖಡಿಯ ಮೇಲೆ ಎರಡು ಹನಿ ವಿನೆಗರ್ ಬಿಡತಕ್ಕದ್ದು. ನೊರೆಯೆದ್ದರೆ ಅದರಲ್ಲಿ ಸುಣ್ಣವಿದೆ. ನೀರನ್ನು ಗಡುಸಾಗಿಸುವ ಆಧಿಪತ್ಯವಾದಿ ಕಲ್ಲು, ಬಿಸಾಡಿ. ಜುಹೂ ದಂಡೆಯ ಚಿಪ್ಪಿಗೂ ಇದೇ ತೀರ್ಪು. ಹವಳದ ಮೋಹವನ್ನಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೇ ಖಂಡಿಸಿದೆ. ಧಾರಾವಿಯ ಕುಂಭಾರವಾಡದಲ್ಲಿ ಬಾಯಿ ಒಡೆದ ಕುಡಿಕೆ ಸಿಕ್ಕರೆ ತಂದು ಮಗ್ಗುಲಾಗಿ ಇಡಿ. ವಿದ್ವಾಂಸರು ಇದನ್ನು ಗುಹಾನುಸಂಧಾನ ಎನ್ನುವರು. ಮೀನು ಏನೂ ಅನ್ನದೆ ಒಳಗೆ ಹೋಗಿ ಅಡಗುತ್ತದೆ.

ಎರಡನೆಯದು ಸಸ್ಯಾಲಂಕಾರ. ಕಿಟಕಿಯ ಗ್ರಿಲ್ಲಿಗೆ ಹಬ್ಬಿದ ಮನಿಪ್ಲಾಂಟಿನ ಒಂದು ತುಂಡು, ಬೇರು ಮಾತ್ರ ನೀರಿನಲ್ಲಿ: ನೈಟ್ರೇಟನ್ನು ಪುಕ್ಕಟೆ ಹೀರುತ್ತದೆ. ಹಿಂದಿನ ಗಾಜಿಗೆ ಹೊರಗಿನಿಂದ ಕರಿಕಾಗದ ಅಂಟಿಸಿದರೆ ಗಪ್ಪಿಯ ಬಾಲ ಎದ್ದು ಕಾಣುತ್ತದೆ. ಇದಕ್ಕೂ ಒಂದು ಪಾರಿಭಾಷಿಕ ಪದ ಹೊಸೆಯಬಹುದು, ಯಾರಿಗೆ ಬೇಕು.

ಮೂರನೆಯದು ಪ್ಲಾಸ್ಟಿಕ್. ಕ್ರಾಫರ್ಡ್ ಮಾರ್ಕೆಟಿಗೆ ಹೋದರೆ ಬಾಯಿ ತೆರೆದು ಮುಚ್ಚುವ ನಿಧಿಪೆಟ್ಟಿಗೆ, ಗುಳ್ಳೆ ಬಿಡುವ ಮುಳುಗುಗಾರ... ಬಿಡಿ.

ನಾಲ್ಕನೆಯದನ್ನು ಬಿಡುವಂತಿಲ್ಲ. ಅದರಲ್ಲಿ ಮೀನೇ ಅಲಂಕಾರ. ನಮ್ಮ ಹಳ್ಳಕೊಳ್ಳಗಳ ಗಾಜುಮೀನು, ಮುಳ್ಳು ಎಣಿಸಬಹುದಾದಷ್ಟು ತಿಳಿಯಾದ ಮೈ. ಅದು ಸಾಲದೆಂದು ಆ ಬೆರಳುದ್ದದ ಜೀವಕ್ಕೆ ಸೂಜಿ ಚುಚ್ಚಿ ಗುಲಾಬಿ, ಹಸಿರು ಬಣ್ಣ ತುಂಬಿ ಮಾರುತ್ತಾರೆ. ಎಷ್ಟೋ ಅಲ್ಲೇ ಸಾಯುತ್ತವೆ, ಉಳಿದವಕ್ಕೆ ಗಾಯದಿಂದ ರೋಗ. ಬಣ್ಣವೋ, ಕೆಲವೇ ತಿಂಗಳಲ್ಲಿ ಮಾಸುತ್ತದೆ. ಇದು ಯಾವ ರಸ? ಯಾವ ಔಚಿತ್ಯ?

ನಲ್ಲಿನೀರನ್ನು ಒಂದು ದಿನ ಬಕೆಟ್ಟಿನಲ್ಲಿಟ್ಟು ಕ್ಲೋರಿನ್ ಹೋಗಲು ಬಿಡುವುದಕ್ಕೆ ಕಾಸು ಖರ್ಚಿಲ್ಲ. ಅಷ್ಟೂ ಮಾಡದೆ ಎಂಟು ಕೆಂಪು, ಒಂದು ಕಪ್ಪು ಗೋಲ್ಡ್‌ಫಿಶ್ ಎಂದು ವಾಸ್ತುವಿನ ಲೆಕ್ಕ ಹಾಕಿ ಬೋಗುಣಿಗೆ ತುರುಕುತ್ತೇವೆ. ವಾರದೊಳಗೆ ಒಂದು ತೇಲಿದರೆ, ಮನೆಯ ಕಂಟಕವನ್ನು ಅದು ಹೊತ್ತುಕೊಂಡು ಹೋಯಿತಂತೆ. ಏನನ್ನೂ ಹೊತ್ತುಕೊಂಡು ಹೋಗಿಲ್ಲ, ಸ್ವಾಮಿ. ನೀರಲ್ಲಿ ತುಂಬಿದ ಅಮೋನಿಯಾಕ್ಕೆ ಸತ್ತಿತು.