ಅಲುಗಾಡದ ಅತ್ತೆ

ನಮ್ಮ ಬಳಗದಲ್ಲಿ ನನ್ನ ಫೋಟೋಗಳಿಗೆ ಒಂದೇ ಒಂದು ವಿಮರ್ಶೆ: ‘ಅಯ್ಯೋ, ಅಲುಗಾಡಿಬಿಟ್ಟಿದೆ.’ ನಾದಿನಿಯ ಧಾರೆಯಲ್ಲಿ ನಾನು ತೆಗೆದ ಚಿತ್ರದಲ್ಲಿ ಮದುಮಗನಿಗೆ ನಾಲ್ಕು ಕಣ್ಣು, ಎರಡು ಬಾಸಿಂಗ. ಇಂಥ ನನಗೆ, ಬೇಕೆಂದೇ ಅಲುಗಾಡಿಸಿ ತೆಗೆಯುವ ಕಲೆಯೊಂದುಂಟು, ಅದರ ಹೆಸರು ಮೋಷನ್ ಬ್ಲರ್ ಎಂದು ತಿಳಿದ ದಿನ ಆದ ಸಂತೋಷ ಹೇಳತೀರದು. ಎಸೆಸೆಲ್ಸಿ ಡುಮ್ಕಿ ಹೊಡೆಯುತ್ತಲೇ ಇದ್ದವನಿಗೆ, ತಪ್ಪು ಉತ್ತರಕ್ಕೂ ಮಾರ್ಕಿದೆ ಅಂದ ಹಾಗೆ. ಅರ್ನ್ಸ್ಟ್ ಹಾಸ್ ಎಂಬ ಮಹಾನುಭಾವ 1950ರ ದಶಕದಲ್ಲೇ ಸ್ಪೇನಿನ ಗೂಳಿಕಾಳಗವನ್ನು ನಿಧಾನದ ಷಟರಿನಲ್ಲಿ ಬಣ್ಣದ ಹೊಳೆ ಹರಿದಂತೆ ತೆಗೆದು ಹೆಸರಾಗಿದ್ದ. ಗೂಳಿ ಅಲುಗಾಡಿದರೆ ಕಲೆ, ಮದುಮಗ ಅಲುಗಾಡಿದರೆ ಬೈಗುಳ!

ನಮ್ಮ ಹಾಲಿನಲ್ಲಿ ಗೂಳಿ ಇಲ್ಲ. ಏಳು ವರ್ಷದ ಪುಟ್ಟಿ ಇದ್ದಾಳೆ, ಅವಳಿಗೊಂದು ಹಸಿರು ರೇಷ್ಮೆ ಲಂಗ ಇದೆ. ಗಿರ್ರನೆ ತಿರುಗಿದರೆ ಲಂಗ ಛತ್ರಿಯಂತೆ ಬಿಚ್ಚಿಕೊಳ್ಳುತ್ತದೆ, ಜರಿಯಂಚು ಬಳೆಯಾಗುತ್ತದೆ. ಅದನ್ನು ಹಿಡಿಯಬೇಕು. ಸುತ್ತಿಗೊಂದು ಚಾಕೊಲೇಟು ಎಂದು ಒಪ್ಪಂದವಾಯಿತು. ಇದು ಮೊದಲನೆಯ ತಪ್ಪು.

ಮೊದಲು ಫ್ಯಾನಿನ ಮೇಲೆ ಅಭ್ಯಾಸ ಮಾಡಿದೆ. ಸಾವಿರದಲ್ಲೊಂದು ಸೆಕೆಂಡಿನಲ್ಲಿ ತೆಗೆದರೆ ಕರೆಂಟು ಹೋದಂತೆ ಮೂರು ರೆಕ್ಕೆಯೂ ನಿಂತಿರುತ್ತವೆ. ನಿಮಿಷಕ್ಕೆ 300 ಸುತ್ತು ಹೊಡೆಯುವ ಫ್ಯಾನಾದರೆ, ಸೆಕೆಂಡಿನ ಹದಿನೈದನೇ ಒಂದು ಭಾಗದಲ್ಲಿ ಒಂದು ರೆಕ್ಕೆ ಮುಂದಿನ ರೆಕ್ಕೆಯ ಜಾಗ ಮುಟ್ಟುತ್ತದೆ; ಚಿತ್ರದಲ್ಲಿ ತೆಳ್ಳನೆಯ ನೀರುದೋಸೆ. ಲೆಕ್ಕ ಬಾಯಿಪಾಠವಾಯಿತು. ಆದರೆ ಫ್ಯಾನು ಚಾಕೊಲೇಟು ಕೇಳುವುದಿಲ್ಲ, ತಲೆ ಸುತ್ತಿತೆಂದು ಸೋಫಾದ ಮೇಲೆ ಬೀಳುವುದೂ ಇಲ್ಲ.

ಪುಟ್ಟಿಯ ಮೊದಲ ಚಿತ್ರ ಬೆಳ್ಳಗೆ ಬಂತು. ಎಷ್ಟು ಬೆಳ್ಳಗೆಂದರೆ ಬರೀ ಬಿಳುಪು. ಹಿಂದಿನ ವಾರ ಜಾತ್ರೆಯ ರಾತ್ರಿಗೆಂದು 3200ಕ್ಕೆ ಏರಿಸಿದ್ದ ಐಎಸ್‌ಒ ಅಲ್ಲೇ ಕೂತಿತ್ತು. ಅದನ್ನು 100ಕ್ಕೆ ಇಳಿಸಿ, ಕಿಟಕಿಯ ಪರದೆ ಎಳೆದು, ಎರಡು ಸೆಕೆಂಡು ಇಟ್ಟೆ. ಈ ಸಲ ಪುಟ್ಟಿಯೇ ಇಲ್ಲ. ಹಾಲಿನ ನಡುವೆ ತಿಳಿಹಸಿರು ಹೊಗೆ, ಯಾರೋ ಸೊಳ್ಳೆಬತ್ತಿ ಹಚ್ಚಿಟ್ಟಂತೆ. ನಾನೇನೂ ಎದೆಗುಂದಲಿಲ್ಲ. 1838ರಲ್ಲಿ ಡಾಗೇರ್ ಪ್ಯಾರಿಸ್ಸಿನ ಬೀದಿಯೊಂದನ್ನು ತೆಗೆದಾಗ ಓಡಾಡುತ್ತಿದ್ದ ಜನ, ಗಾಡಿ ಎಲ್ಲ ಮಾಯವಾಗಿ, ಬೂಟಿಗೆ ಪಾಲಿಶ್ ಹಾಕಿಸಿಕೊಳ್ಳುತ್ತ ನಿಂತಿದ್ದವನೊಬ್ಬ ಎದ್ದು ಕಂಡನಲ್ಲ! ಇದನ್ನು ಹೆಂಡತಿಗೆ ವಿವರಿಸಿದೆ. ಅವಳು ಮಗು ಊಟ ಮಾಡಿ ಎಷ್ಟು ಹೊತ್ತಾಯಿತು ಎಂದು ಕೇಳಿದಳು.

ಕಾಲು ಸೆಕೆಂಡು ಸಾಕೆಂದು ತೀರ್ಮಾನಿಸಿದೆ. ಟ್ರೈಪಾಡಿನ ಒಂದು ಕಾಲು ಮುರಿದು ವರ್ಷವಾಗಿದ್ದರಿಂದ ಕ್ಯಾಮೆರಾ ಫ್ರಿಜ್ಜಿನ ತಲೆಯೇರಿತು. ಷಟರ್ ತೆರೆಯುವುದಕ್ಕೂ ಫ್ರಿಜ್ಜು ಗಡಗಡನೆ ಸ್ಟಾರ್ಟ್ ಆಗುವುದಕ್ಕೂ ಸರಿಹೋಯಿತು. ಪುಟ್ಟಿ, ಟೀವಿ, ಗೋಡೆಯ ವೆಂಕಟರಮಣ ಎಲ್ಲರಿಗೂ ಒಂದೇ ಛಳಿಜ್ವರ. ಆಗ ಹೊಳೆಯಿತು: ಒಂದು ಓಡಿತೆಂದು ಕಾಣಬೇಕಾದರೆ ಇನ್ನೊಂದು ನೆಟ್ಟಗೆ ನಿಂತಿರಬೇಕು. ನಮ್ಮ ಮನೆಯಲ್ಲಿ ನೆಟ್ಟಗೆ ನಿಂತಿರುವುದು ಯಾವುದು?

ಸ್ಟೂಲಿನ ಮೇಲೆ ಐದು ಕೆಜಿ ಸೋನಾಮಸೂರಿ ಚೀಲ ಇಟ್ಟು, ಗುಳಿ ಮಾಡಿ, ಕ್ಯಾಮೆರಾ ಕೂರಿಸಿದೆ. ಬಸವಣ್ಣನಂತೆ ಕೂತಿತು. ಇನ್ನು ಮುಖ ತಿಳಿಯಾಗಿ, ಮೈ ಅಲೆಯಾಗಿ ಬರಲಿ ಎಂದು ಫ್ಲಾಶನ್ನೂ ಸೇರಿಸಿದೆ. ಸರಿಯಾಗಿ ಅದೇ ಹೊತ್ತಿಗೆ ಮಾವನವರು ಕಾಫಿ ವಾಸನೆ ಹಿಡಿದು ಅಡುಗೆಮನೆಯತ್ತ ಹಾದರು. ಫ್ಲಾಶು ಷಟರ್ ತೆರೆದೊಡನೆ ಹೊಳೆಯದೆ, ಮುಚ್ಚುವ ಮುಂಚೆ ಹೊಳೆಯುವಂತೆ ಸೆಟ್ ಮಾಡಬೇಕಂತೆ. ಇಲ್ಲದಿದ್ದರೆ ಅಲೆಯೆಲ್ಲ ಮುಂದಕ್ಕೆ ಬೀಳುತ್ತದೆ, ಆಸಾಮಿ ಹಿಂದೆ ಹಿಂದೆ ಹೋದಂತೆ ಕಾಣುತ್ತಾನೆ. ಹೀಗೆ ನಲವತ್ತು ವರ್ಷಗಳ ಸಂಸಾರದಲ್ಲಿ ಮೊದಲ ಬಾರಿಗೆ ಮಾವನವರು ಕಾಫಿ ಕಂಡು ಹಿಮ್ಮೆಟ್ಟಿದ ದಾಖಲೆ ನನ್ನ ಬಳಿ ಇದೆ. ಅವರು ಅದನ್ನು ಅಳಿಸು ಎಂದಿದ್ದಾರೆ.

ಫ್ಲಾಶ್ ಮುಚ್ಚಿಟ್ಟೆ. ಪುಟ್ಟಿಗೆ ಇಪ್ಪತ್ತಮೂರನೆಯ ಸುತ್ತು. ಕ್ಲಿಕ್.

ಬಂತು ನೋಡಿ! ಲಂಗ ಹಸಿರು ಬುಗುರಿ, ಜರಿ ಚಿನ್ನದ ಗೆರೆ, ಎರಡು ಜಡೆ ಗಾಳಿಯಲ್ಲಿ ಎರಡು ಕಮಾನು. ಅವಳ ಹಿಂದೆ, ದಿವಾನದ ಮೇಲೆ, ಅತ್ತೆ. ಅವರು ಹಿಂದಿನ ಕಾಲದ ಸ್ಟುಡಿಯೋದಲ್ಲಿ ಪಳಗಿದವರು. ಕ್ಯಾಮೆರಾ ಯಾವ ದಿಕ್ಕಿಗಿದ್ದರೂ ತಮ್ಮದೇ ಎಂದು ಭಾವಿಸಿ, ಸೆರಗು ಹೊದ್ದು, ಉಸಿರು ಬಿಗಿಹಿಡಿದು, ತೊಡೆಯ ಮೇಲೆ ಕೈಯಿಟ್ಟು ಶಿಲೆಯಾಗಿಬಿಡುತ್ತಾರೆ. ಬೆಳಗಿನಿಂದ ನಾನು ಹುಡುಕುತ್ತಿದ್ದ, ಅಲುಗಾಡದ ಆ ಒಂದು ವಸ್ತು ಅಲ್ಲೇ ಕೂತಿತ್ತು. ಮೂಗುತಿಯ ಹರಳಿನ ಮಿನುಗೂ ಲೆಕ್ಕಕ್ಕೆ ಸಿಗುವಂತಿತ್ತು.

‘ಇದರಲ್ಲಿ ನಾನೆಲ್ಲಿ?’ ಎಂದಳು ಪುಟ್ಟಿ, ಬಾಯಿತುಂಬ ಚಾಕೊಲೇಟು.

‘ನಿಮ್ಮ ಜನ್ಮದಲ್ಲಿ ಒಂದು ಫೋಟೋ ನೆಟ್ಟಗೆ ತೆಗೆದಿರಿ’ ಎಂದರು ಅತ್ತೆ, ಗದ್ಗದರಾಗಿ.

ಅಂದು ಸಂಜೆಯೇ ಅದು ಅವರ ವಾಟ್ಸಾಪ್ ಡೀಪಿಯಾಯಿತು. ಮುಂದಿದ್ದ ‘ಹೊಗೆ’ಯನ್ನು ನನ್ನ ಹೆಂಡತಿಯೇ ಕತ್ತರಿಸಿ ಕೊಟ್ಟಳು. ಪೂರ್ತಿ ಕತ್ತರಿಸಲಾಗದೆ ಎಡಮೂಲೆಯಲ್ಲಿ ಒಂದು ಚೂರು ಹಸಿರು ಉಳಿದಿದೆ. ಮೊನ್ನೆ ಷಡ್ಡಕ ಫೋನು ಮಾಡಿದ್ದ: ‘ಅತ್ತೆ ಫೋಟೋ ಸೂಪರ್ ಕಣಯ್ಯಾ. ಆದ್ರೆ ನಿಮ್ಮ ಹಾಲಿನ ಗೋಡೆಗೆ ಪಾಚಿ ಕಟ್ಟಿದೆಯಲ್ಲ, ಮಳೆಗಾಲಕ್ಕೆ ಮುಂಚೆ ಯಾರಿಗಾದ್ರೂ ತೋರಿಸು.’