ಕೊಪಣ ಸೀಮೆಯ ಆಲ್ಟ್ರೇಷನ್ ಮೀಮಾಂಸೆ

ತಿರುಳ್ಗನ್ನಡದ ನಾಡು ಯಾವುದೆಂದು ಹೇಳುವಾಗ ಕವಿರಾಜಮಾರ್ಗವು ಕಿಸುವೊಳಲು, ಪುಲಿಗೆರೆ, ಒಂಕುಂದಗಳ ಜೊತೆ ಕೊಪಣನಗರವನ್ನೂ, ಎಂದರೆ ಇಂದಿನ ಕೊಪ್ಪಳವನ್ನೂ, ಹೆಸರಿಸುತ್ತದೆ. ಕನ್ನಡದ ತಿರುಳು ಎಲ್ಲಿದೆಯೆಂದು ಇಷ್ಟು ಖಚಿತವಾಗಿ ಹೇಳಿದ ಗ್ರಂಥ, ಜಪಾನ್ ಇಂಜಿನ್ನಿನ ತಿರುಳು ಎಲ್ಲಿದೆ ಎಂಬ ವಿಷಯದಲ್ಲಿ ಮಾತ್ರ ತುಟಿ ಬಿಚ್ಚಿಲ್ಲ. ಒಂಬತ್ತನೇ ಶತಮಾನದಿಂದ ಖಾಲಿಯೇ ಉಳಿದಿರುವ ಈ ಜಾಗವನ್ನು ತುಂಬುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಅಧ್ಯಯನದ ವ್ಯಾಪ್ತಿ ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ. ಆಕರಗಳು ಗ್ಯಾರೇಜು, ರೇಡಿಯಂ ಅಂಗಡಿ, ಚಹಾದಂಗಡಿಯ ಬೆಂಚು. ಟಂಟಂ ಎಂಬ ಮೂರು ಗಾಲಿಯ ವಾಹನವು ಮೂಲತಃ ಇಟಲಿ ವಂಶದ್ದಾದ ಕಾರಣ, ಸಂತೆಯ ದಿನ ಇಡೀ ಸೀಮೆ ಅದಕ್ಕೇ ಜೋತುಬಿದ್ದಿದ್ದರೂ, ಚರ್ಚೆಯಿಂದ ಹೊರಗಿಡಲಾಗಿದೆ.

ಮೊದಲು 'ಇಂಪೋರ್ಟೆಡ್' ಎಂಬ ಪರಿಭಾಷೆ. ಜಪಾನಿನಲ್ಲಿ ಹೊಸ ಕಾರಿಗೆ ಮೂರು ವರ್ಷ ತುಂಬಿದಾಗ, ಆಮೇಲೆ ಎರಡೆರಡು ವರ್ಷಕ್ಕೊಮ್ಮೆ 'ಶಾಕೆನ್' ಎಂಬ ತಪಾಸಣೆ ಆಗಲೇಬೇಕು. ಅದರ ಖರ್ಚಿಗೆ ಬೇಸತ್ತು ಅಲ್ಲಿನವರು ಗಟ್ಟಿಮುಟ್ಟಾದ ಕಾರನ್ನೇ ಹರಾಜಿಗೆ ಬಿಡುತ್ತಾರೆ. ಅವು ಹಡಗು ಹತ್ತಿ ನ್ಯೂಜಿಲೆಂಡ್, ಪಾಕಿಸ್ತಾನ, ಕೀನ್ಯಾ ಸೇರುತ್ತವೆ. ಕೊಪ್ಪಳ ಸೇರುವುದಿಲ್ಲ. ನಮ್ಮ ದೇಶದ ನಿಯಮದಂತೆ ಹೊರಗಿನಿಂದ ತರಿಸುವ ಹಳೇ ಕಾರಿಗೆ ಮೂರು ವರ್ಷ ಮೀರಿರಬಾರದು. ಮೇಲೆ ಸುಂಕವೇ ಕಾರಿನ ಬೆಲೆಯನ್ನು ದಾಟುತ್ತದೆ. ಆದ್ದರಿಂದ ನಿಸಾನ್ ಸ್ಕೈಲೈನ್ ಎಂಬ ಪ್ರಸಿದ್ಧ ಕಾರು ಕೊಪ್ಪಳದ ಕೆಎ-37 ಪಾಸಿಂಗ್‌ನಲ್ಲಿ ಕಾಣಸಿಗುವುದು ಹುಡುಗರ ಮೊಬೈಲ್ ಗೇಮಿನೊಳಗೆ, ಅದೂ ಚಾರ್ಜ್ ಇರುವ ತನಕ.

ಹಾಗೆಂದು ಇಂಪೋರ್ಟಿನ ತತ್ತ್ವ ನಾಶವಾಗಿಲ್ಲ. 2015ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ದಿಲ್ಲಿ ಪ್ರದೇಶದಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿ ಓಡಬಾರದೆಂದಿತು. ಅಂದಿನಿಂದ ದಿಲ್ಲಿಯೇ ನಮ್ಮ ಪಾಲಿನ ಯೊಕೊಹಾಮಾ ಬಂದರು. ಅಲ್ಲಿ ಆಯುಷ್ಯ ಮುಗಿಸಿದ ಇನ್ನೋವಾ ಇಲ್ಲಿಗೆ ಬಂದು 'ಫಸ್ಟ್ ಓನರ್, ಡಾಕ್ಟರ್ ಗಾಡಿ' ಎಂದು ಪುನರ್ಜನ್ಮ ತಾಳುತ್ತದೆ. ದಿಲ್ಲಿಯಲ್ಲಿ ಇಷ್ಟೊಂದು ಡಾಕ್ಟರರಿದ್ದೂ ಅಲ್ಲಿನವರಿಗೆ ಕೆಮ್ಮು ಯಾಕೆ ನಿಲ್ಲುತ್ತಿಲ್ಲ ಎಂಬುದು ಬೇರೆ ಸಂಶೋಧನೆಯ ವಿಷಯ.

ಈಗ ಉಗಮ. ಇಲ್ಲಿ ಎರಡು ಪಂಥಗಳಿವೆ. ಮಗ್ಗವಾದಿಗಳ ಪ್ರಕಾರ ಜಪಾನೀ ಕಾರು ಹುಟ್ಟಿದ್ದು ಮಗ್ಗದಿಂದ. ಇದು ತಮಾಷೆಯಲ್ಲ: ಮಿಚಿಯೊ ಸುಜುಕಿ 1909ರಲ್ಲಿ ಹಮಾಮಾತ್ಸು ಊರಿನಲ್ಲಿ ತೆರೆದದ್ದು ಮಗ್ಗದ ಕಾರ್ಖಾನೆ, ಟೊಯೋಟಾದ ಮೂಲಪುರುಷ ಸಾಕಿಚಿ ಟೊಯೊಡ ಹೆಸರು ಮಾಡಿದ್ದೂ ಸ್ವಯಂಚಾಲಿತ ಮಗ್ಗಕ್ಕೆ. ಮಗ್ಗ ಇದ್ದಲ್ಲಿ ಕಾರು ಎಂಬ ಈ ವ್ಯಾಪ್ತಿಯನ್ನು ಒಪ್ಪಿದರೆ, ಕೊಪ್ಪಳಕ್ಕೆ ಅಂಟಿಕೊಂಡಿರುವ ನೇಕಾರರ ಭಾಗ್ಯನಗರ ಈ ಹೊತ್ತಿಗೆ ಎರಡು ಕಾರು ಕಂಪನಿಗಳನ್ನಾದರೂ ಹೆರಬೇಕಿತ್ತು. ಹೆತ್ತಿಲ್ಲ. ಆದರೂ ಕೊಪ್ಪಳದ ಪಾಲು ಪೂರ್ತಿ ತಪ್ಪಿಲ್ಲ. ಬೇವಿನಹಳ್ಳಿಯ ಕಿರ್ಲೋಸ್ಕರ್ ಫೆರಸ್ ಕಾರ್ಖಾನೆಯಲ್ಲಿ ಅದಿರು ಕರಗಿಸಿ ವಾಹನಗಳ ಸಿಲಿಂಡರ್ ಬ್ಲಾಕು, ಹೆಡ್ಡು ಎರಕ ಹೊಯ್ಯುತ್ತಾರೆ. ಕೊಪ್ಪಳ ಜಿಲ್ಲೆಯೂ ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಂಪನಿಯೂ 1997ರಲ್ಲೇ ಹುಟ್ಟಿದ್ದು ಕಾಕತಾಳೀಯವೆಂದು ವಾದಿಸುವವರು ಜ್ಯೋತಿಷ್ಯ ಓದಿಲ್ಲ.

ಎರಡನೆಯವರು ಅಂಜನಾದ್ರಿವಾದಿಗಳು. 1983ರ ಡಿಸೆಂಬರ್ 14ರಂದು ಮೊದಲ ಮಾರುತಿ 800ರ ಕೀಲಿಯನ್ನು ಇಂದಿರಾ ಗಾಂಧಿ ಕೊಟ್ಟರು. ಮೂರು ಸಿಲಿಂಡರಿನ 796 ಸಿಸಿ ಇಂಜಿನ್ನು; ಆರಂಭದ ಕಾರುಗಳ ಬಿಡಿಭಾಗಗಳು ಜಪಾನಿನಿಂದಲೇ ಬರುತ್ತಿದ್ದವು. ಹೆಸರು ಮಾರುತಿ. ಮಾರುತಿಯ ಜನ್ಮಸ್ಥಳವೋ ಗಂಗಾವತಿ ತಾಲ್ಲೂಕಿನ ಅಂಜನಾದ್ರಿ ಬೆಟ್ಟ. ಅಂದಮೇಲೆ ಅದು ಆಮದಾಗಲಿಲ್ಲ, ತವರಿಗೆ ಬಂತು. 2021ರಲ್ಲಿ ತಿರುಮಲದವರು ಜನ್ಮಸ್ಥಳ ತಮ್ಮಲ್ಲಿದೆ ಎಂದು ಪ್ರತಿವಾದ ಹೂಡಿದರು. ಹಮಾಮಾತ್ಸುವಿನವರು ಇನ್ನೂ ಅರ್ಜಿ ಹಾಕಿಲ್ಲ. ಹಾಗೆ ತವರಿಗೆ ಬಂದ ಎಂಟ್ನೂರು ಬೆಟ್ಟದ 575 ಮೆಟ್ಟಿಲಿನ ಬುಡದಲ್ಲೇ ನಿಂತು, ಗಾಲಿಯಡಿ ನಿಂಬೆಹಣ್ಣು ಅಪ್ಪಚ್ಚಿ ಮಾಡಿ, ಹಿಂದಿರುಗುತ್ತದೆ.

ಇಲ್ಲಿಯವರೆಗೆ ಪೀಠಿಕೆ. ಈ ಸೀಮೆಯ ನಿಜವಾದ ಜಪಾನೀ ಕಾರು ಯಮಹಾ ಆರ್‌ಎಕ್ಸ್ 100. ಅದಕ್ಕೆ ಎರಡೇ ಗಾಲಿ ಎಂಬ ಆಕ್ಷೇಪ ಗಾಲಿ ಎಣಿಸುವವರದು. ಮೀಮಾಂಸಕರು ಶಬ್ದವನ್ನು ಪ್ರಮಾಣವೆಂದು ಒಪ್ಪುತ್ತಾರೆ. ಶಬ್ದಪ್ರಮಾಣದಲ್ಲಿ ಆರ್‌ಎಕ್ಸ್‌ಗೆ ಸಮನಾದದ್ದು ಇಲ್ಲ. 1985ರಲ್ಲಿ ಬಂತು, 98 ಸಿಸಿ, 11 ಅಶ್ವಶಕ್ತಿ, ಎರಡು ಸ್ಟ್ರೋಕು. ಹೊಗೆಯ ನಿಯಮ ಬಿಗಿಯಾಗುತ್ತಿದ್ದ ಹೊತ್ತಿನಲ್ಲಿ, 1996ರಲ್ಲಿ, ತಯಾರಿ ನಿಂತಿತು. ನಿಂತದ್ದೇ ಅದು ದೇವರಾಯಿತು. ಆಗ ಕೊಂಡ ಬೆಲೆಯ ಎಷ್ಟೋ ಪಟ್ಟು ಕೊಡುತ್ತೇನೆಂದರೂ ಮಾಲೀಕ ಬಾಗಿಲು ಹಾಕಿಕೊಳ್ಳುತ್ತಾನೆ.

ಮೊದಮೊದಲಿನ ಆರ್‌ಎಕ್ಸ್‌ಗಳಿಗೆ ಜಪಾನಿನಿಂದ ಬಿಡಿಭಾಗ ಬರುತ್ತಿದ್ದುದರಿಂದ 'ಜಪಾನ್ ಇಂಜಿನ್' ಎಂಬುದು ಒಂದು ಗೋತ್ರವಾಗಿದೆ. ಗೋತ್ರ ನಿರ್ಣಯದ ವಿಧಾನವನ್ನು ಹತ್ತಿರದಿಂದ ನೋಡಬೇಕು. ಮೇಸ್ತ್ರಿ ಕುಕ್ಕರುಗಾಲಲ್ಲಿ ಕೂತು, ಹರಿದ ಬನಿಯನ್ನನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಇಂಜಿನ್ನಿನ ಹೊಟ್ಟೆಯ ಮೇಲಿನ ಮೂವತ್ತು ವರ್ಷದ ಆಯಿಲ್ ಕೊಳೆಯನ್ನು ಒರೆಸುತ್ತಾನೆ. ಉಗುರಿನಿಂದ ಕೆರೆಯುತ್ತಾನೆ. ಮೊಬೈಲ್ ಬೆಳಕು ಹಿಡಿಯುತ್ತಾನೆ. ಒಂದೊಂದೇ ಅಕ್ಷರ ಮೂಡುತ್ತದೆ. ಸುತ್ತ ನಿಂತವರು ಉಸಿರು ಬಿಗಿಹಿಡಿಯುತ್ತಾರೆ. "ಜಪಾನ್ ಐತ್ರಿ ಸರ. ಕಂಪ್ನಿ ಬೋರ್ ಐತಿ, ಒಮ್ಮಿನೂ ಬಿಚ್ಚಿಲ್ಲ," ಎಂದು ಮಾಲೀಕ ಹೇಳುವಾಗ ಮೇಸ್ತ್ರಿ ಮುಖ ಆಚೆ ತಿರುಗಿಸುತ್ತಾನೆ, ಯಾಕೆಂದರೆ ಬಿಚ್ಚಿದವನು ಅವನೇ.

ಓದುಗರು ಇದನ್ನು ಲಘುವಾಗಿ ಕಾಣಬಾರದು. 1931ರಲ್ಲಿ ಗವಿಮಠದ ಬಂಡೆಯ ಮೇಲೂ ಪಾಲ್ಕಿಗುಂಡಿನ ಮೇಲೂ ಅಶೋಕನ ಶಾಸನ ಸಿಕ್ಕ ಊರು ಇದು. ಕೊಳೆ ಒರೆಸಿ ಅಕ್ಷರ ಓದುವುದು ಇಲ್ಲಿನ ನೀರಿನಲ್ಲೇ ಇದೆ. ಶಾಸನತಜ್ಞರು ಎಚ್ಚರಿಸುವ ಕೂಟಶಾಸನಗಳೂ ಇಲ್ಲಿ ಹೇರಳ. ಅಕ್ಷರದ ಪಂಚು ಮತ್ತು ಸುತ್ತಿಗೆ ಇರುವ ಯಾವ ವೆಲ್ಡಿಂಗ್ ಅಂಗಡಿಯಾದರೂ ಅರ್ಧ ತಾಸಿನಲ್ಲಿ 'ಜಪಾನ್' ಕೆತ್ತಿಕೊಡಬಲ್ಲದು. ಪ್ರಬಂಧಕಾರನ ಅಭಿಪ್ರಾಯದಲ್ಲಿ, ಜಪಾನಿನಿಂದ ಬಂದ ಇಂಜಿನ್‌ಗಳಿಗಿಂತ ಜಪಾನಿನವೆಂದು ಆಣೆ ಮಾಡಿಸಿಕೊಂಡ ಇಂಜಿನ್‌ಗಳ ಸಂತತಿ ದೊಡ್ಡದು.

ಗಂಗಾವತಿಯದು ಬೇರೆಯೇ ಸಂಪ್ರದಾಯ. ತುಂಗಭದ್ರಾ ಎಡದಂಡೆ ಕಾಲುವೆಯ ಕೆಸರುಗದ್ದೆಗಳಲ್ಲಿ ಕುಬೋಟಾ ಟ್ರ್ಯಾಕ್ಟರು, ಮಿತ್ಸುಬಿಷಿ ಸಹಯೋಗದಿಂದ ಬಂದ ಪವರ್ ಟಿಲ್ಲರು ದಿನಗೂಲಿಗೆ ದುಡಿಯುತ್ತವೆ. ಟೋಕಿಯೊದ ಶ್ರೀಮಂತ ಹುಡುಗ ಕಾರಿನ ಗಾಲಿ ಅಗಲ ಮಾಡಿಸಿ ಬೀಗುತ್ತಾನೆ. ಗಂಗಾವತಿಯ ರೈತ ಹಿಂದಿನ ಗಾಲಿಗೆ ಕಬ್ಬಿಣದ ಕೇಜ್‌ವ್ಹೀಲ್ ಜೋಡಿಸಿ ಬೀಗುವುದಿಲ್ಲ, ನಾಟಿಗೆ ಹೊತ್ತಾಯಿತೆಂದು ಬೈಯುತ್ತಾನೆ. ಕಾರನ್ನು ಅಡ್ಡಡ್ಡ ಜಾರಿಸುವ ಡ್ರಿಫ್ಟ್ ಎಂಬ ವಿದ್ಯೆಗೆ ಜಪಾನಿನ ಕೇಯಿಚಿ ತ್ಸುಚಿಯ ದೊರೆಯೆನಿಸಿಕೊಂಡಿದ್ದಾನೆ. ಮೊಣಕಾಲುದ್ದದ ಕೆಸರಿನಲ್ಲಿ, ಬದು ಮುರಿಯದಂತೆ, ಬಾಯಲ್ಲಿ ಎಲೆಅಡಿಕೆ ಇಟ್ಟುಕೊಂಡು ಅದನ್ನೇ ದಿನಕ್ಕೆ ಹತ್ತು ತಾಸು ಮಾಡುವವನಿಗೆ ಯಾವ ಬಿರುದೂ ಇಲ್ಲ. ಅವನ ತಪ್ಪು ಒಂದೇ: ಕೆಲಸ ಮುಗಿದ ಮೇಲೆ ಕೇಜ್‌ವ್ಹೀಲ್ ಕಳಚದೆ ಡಾಂಬರು ರಸ್ತೆಗೆ ಇಳಿಯುತ್ತಾನೆ. ರಸ್ತೆಯೂ ಉತ್ತ ಹೊಲವಾಗುತ್ತದೆ.

ಕುಷ್ಟಗಿಯ ಕೊಡುಗೆ ಹೆದ್ದಾರಿ ಸಂಖ್ಯೆ 50. ಸೊಲ್ಲಾಪುರದ ಕಡೆಯಿಂದ ಬರುವ ಎಲ್ಲ ಆಲ್ಟ್ರೇಷನ್ ಗಾಡಿಗಳನ್ನೂ, ಎಂದರೆ ರೂಪ ಬದಲಿಸಿಕೊಂಡ ಗಾಡಿಗಳನ್ನೂ, ಕುಷ್ಟಗಿ ಚಹಾ ಕುಡಿಯುತ್ತ ವಿಮರ್ಶಿಸುತ್ತದೆ. ವಿಮರ್ಶಕರಿರುವ ಊರಲ್ಲಿ ಸೃಷ್ಟಿ ಕಡಿಮೆ.

ಯಲಬುರ್ಗಾ ಕೊಟ್ಟದ್ದು ಬಿರುದಾವಳಿ. ಇಟಗಿಯ ಮಹಾದೇವ ದೇವಾಲಯವನ್ನು 1112ರಲ್ಲಿ ಕಟ್ಟಿಸಿದವನು ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. ಅದನ್ನು 'ದೇವಾಲಯ ಚಕ್ರವರ್ತಿ' ಎಂದು ಶಾಸನವೇ ಕೊಂಡಾಡಿದೆ. ಕಟ್ಟಿದ ವಸ್ತುವಿನ ಮೇಲೆಯೇ ಅದರ ಬಿರುದು ಬರೆಸುವ ಈ ಚಾಳುಕ್ಯ ಪದ್ಧತಿ ಇಂದು ಆಲ್ಟೋ ಕಾರಿನ ಹಿಂದಿನ ಗಾಜಿನ ಮೇಲೆ, ರೇಡಿಯಂ ಅಕ್ಷರದಲ್ಲಿ, 'ರೋಡ್ ಕಿಂಗ್' ಎಂದು ಮುಂದುವರಿದಿದೆ. ಕೆಳಗೆ 'ಅವ್ವ ಅಪ್ಪನ ಆಶೀರ್ವಾದ'. ಅದರ ಕೆಳಗೆ ಫೈನಾನ್ಸ್ ಕಂಪನಿಯ ಹೆಸರು, ಚಿಕ್ಕದಾಗಿ. ಅಂದಹಾಗೆ ಇಟಗಿ ಮೊದಲು ಯಲಬುರ್ಗಾ ತಾಲ್ಲೂಕಿನಲ್ಲಿತ್ತು, ಈಗ ಕುಕನೂರಿಗೆ ಸೇರಿದೆ. ತಾಲ್ಲೂಕನ್ನೇ ಆಲ್ಟ್ರೇಷನ್ ಮಾಡಿದವರಿಗೆ ದಂಡವಿಲ್ಲ.

ದಂಡ ಇರುವುದು ಗಾಡಿಗೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ತಯಾರಕರು ಕೊಟ್ಟ ವಿವರ ತಪ್ಪುವಂತೆ ವಾಹನವನ್ನು ಬದಲಿಸಕೂಡದು. 2019ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಎಂದಾಯಿತು. ಗಾಜಿನ ಕರಿ ಕೂಲಿಂಗ್ ಪೇಪರು 2012ರಲ್ಲೇ ಹೋಗಿತ್ತು. ಪೂರ್ವಪಕ್ಷದವರು ಇದಕ್ಕೆ ಕಾರಹುಣ್ಣಿಮೆಯ ದೃಷ್ಟಾಂತ ಕೊಡುತ್ತಾರೆ: ಎತ್ತಿನ ಕೊಂಬು ಹೆರೆದು ಬಣ್ಣ ಹಚ್ಚಿ, ಕೊರಳಿಗೆ ಗೆಜ್ಜೆ ಕಟ್ಟಿ, ಜೂಲು ಹೊದಿಸಿ, ಊರ ಮುಂದೆ ಓಡಿಸಿ ಕರಿ ಹರಿದಾಗ ಯಾರೂ ಆರ್‌ಸಿ ಕೇಳಲಿಲ್ಲ, ಅದೇ ಪ್ರೀತಿಯನ್ನು ಸ್ವಿಫ್ಟಿಗೆ ಮಾಡಿದರೆ ಅಪರಾಧವೇ? ವಾದ ಬಲವಾಗಿದೆ. ಆದರೆ ಎತ್ತಿನ ಗೆಜ್ಜೆಯಿಂದ ತೊಟ್ಟಿಲ ಕೂಸು ಬೆಚ್ಚಿ ಬೀಳುತ್ತಿರಲಿಲ್ಲ. ಒಳಪೈಪು ಕಿತ್ತ ಸೈಲೆನ್ಸರು ರಾತ್ರಿ ಹನ್ನೊಂದಕ್ಕೆ ಆಸ್ಪತ್ರೆ ಮುಂದೆ ಹಾದಾಗ ಬೀಳುತ್ತದೆ. ಆದ್ದರಿಂದ ಸಿದ್ಧಾಂತ ಹೀಗೆ: ಬಣ್ಣ, ಬಿರುದು, ಕುಚ್ಚು, ದೇವರ ಫೋಟೊ ಗ್ರಾಹ್ಯ, ಸೈಲೆನ್ಸರು ತ್ಯಾಜ್ಯ. ರಾಜ್ಯದ ಹಲವು ಊರುಗಳಲ್ಲಿ ಪೊಲೀಸರು ಅಂಥ ಸೈಲೆನ್ಸರುಗಳನ್ನು ಸಾಲಾಗಿ ಮಲಗಿಸಿ ರೋಡ್ ರೋಲರ್ ಹಾಯಿಸಿದ್ದನ್ನು ಈ ಪ್ರಬಂಧ ವಿಮರ್ಶಾ ಪದ್ಧತಿಯಾಗಿ ಅಂಗೀಕರಿಸುತ್ತದೆ.

ಮುಂದೆ ಈ ಕ್ಷೇತ್ರದಲ್ಲಿ ಸಂಶೋಧನೆಗೆ ಇಳಿಯುವವರಲ್ಲಿ ಒಂದು ವಿನಂತಿ. ಆರ್‌ಎಕ್ಸ್ ಕೊಳ್ಳುವ ಮುನ್ನ ಚಾಸಿ ನಂಬರು, ಇಂಜಿನ್ ನಂಬರು ಎರಡನ್ನೂ ಆರ್‌ಸಿಯ ಜೊತೆ ತಾಳೆ ಹಾಕಿ ನೋಡಿ. ತಾಳೆಯಾಗದಿದ್ದರೆ, ಇಂಜಿನ್ನು ಖಾಸಾ ಜಪಾನಿನದೇ ಆಗಿದ್ದರೂ, ಅಡ್ವಾನ್ಸ್ ಕೊಡಬೇಡಿ.