ಗರಿಗೆ ಸೀರೆ, ಹೊಟ್ಟೆಗೆ ಕಥೆ

ಈ ಸಲದ 'ಕಸದಿಂದ ರಸ'ಕ್ಕೆ ನವಿಲೇ ಆಗಬೇಕಂತೆ. ಹೋದ ಸಲ ಪೆನ್ ಸ್ಟ್ಯಾಂಡ್, ಅದರ ಹಿಂದಿನ ಸಲ ಗೋಡೆ ಗಡಿಯಾರ. 'ಮನೆಯಲ್ಲಿ ಬಿದ್ದಿರುವ ಹಳೆಯ ಪತ್ರಿಕೆಗಳನ್ನೇ ಬಳಸುವುದು' ಎಂದು ಶಾಲೆಯಿಂದ ಸೂಚನೆ ಬೇರೆ. ಕೊಂಡಜ್ಜಿಯಂಥ ಹಳ್ಳಿಯ ಎಷ್ಟು ಮನೆಗಳಲ್ಲಿ ಹಳೆಯ ಪತ್ರಿಕೆ ಬಿದ್ದಿದೆ ಸ್ವಾಮಿ? ಹೊಸದು ಬಂದಿದ್ದರಲ್ಲವೆ ಹಳೆಯದಾಗುವುದು! ಹಾಗಾಗಿ ನಾನು ನೆಂಟನಾಗಿ ಹೋಗಿದ್ದ ಮನೆಯ ಯಜಮಾನರು ಬಸ್ಸು ಹತ್ತಿ ದಾವಣಗೆರೆಗೆ ಹೋಗಿ, ರದ್ದಿ ಅಂಗಡಿಯವನ ಜೊತೆ ಚೌಕಾಸಿ ಮಾಡಿ, ಕಸವನ್ನು ಕೆ.ಜಿ. ಲೆಕ್ಕದಲ್ಲಿ ಕೊಂಡು ತಂದಿದ್ದರು. ಕಸದ ಜೊತೆಗೆ ಫೆವಿಕಾಲ್, ಥರ್ಮಾಕೋಲ್, ಮಿರಮಿರ ಮಿಂಚುವ ಪುಡಿ. ಆ ದುಡ್ಡಿಗೆ ಮಗನ ಹೆಸರಿನಲ್ಲಿ ಒಂದು ಪತ್ರಿಕೆ ತರಿಸಬಹುದಿತ್ತು ಎಂದೆ. ನವಿಲು ಮಾಡಲು ಹಳೆಯದೇ ಆಗಬೇಕಂತೆ ಎಂದರು.

ರದ್ದಿಯ ಕಟ್ಟಿನಲ್ಲಿ ಎಲ್ಲಕ್ಕಿಂತ ಮೇಲೆ ಕುಳಿತಿದ್ದವರು 1985ರ ಒಂದು ದೀಪಾವಳಿ ವಿಶೇಷಾಂಕ. ಮುಖಪುಟದ ಒಂದು ಮೂಲೆ ಇಲಿಗೆ ಹೋಗಿದೆ, ಗತ್ತು ಮಾತ್ರ ಹೋಗಿಲ್ಲ. ಸಂಸ್ಥೆಯ ಹೆಸರು ಹಾಕಬಾರದು ಎಂಬ ಷರತ್ತಿನ ಮೇಲೆ, ಕೊಂಡಜ್ಜಿ ಕೆರೆಯ ಏರಿಯ ಮೇಲೆ ಮಾತಿಗೆ ಸಿಕ್ಕರು.

ನಾನು: ನಮಸ್ಕಾರ. ವಾರಪತ್ರಿಕೆಯಾಗಿ ನಿಮ್ಮ ಅನುಭವ...

ವಿಶೇಷಾಂಕ: ವಾರಪತ್ರಿಕೆ ಅಂತ ಕರೆಯಬೇಡಿ. ವಿಶೇಷಾಂಕ. ವಾರದವರು ಆ ಕೆಳಗಿದ್ದಾರೆ, ದಾರ ಕಟ್ಟಿರುವ ಕಡೆ.

ನಾನು: ಕ್ಷಮಿಸಿ. ನೇರ ವಿಷಯಕ್ಕೆ ಬರುತ್ತೇನೆ. ನೀವು ಬಿದಿರೋ, ನೀಲಗಿರಿಯೋ?

ವಿಶೇಷಾಂಕ: ಏನಂದಿರಿ?

ನಾನು: ಮೂಲದಲ್ಲಿ ಯಾವ ಮರ ಅಂತ. ಹರಿಹರದ ಕಡೆಯವನು ನಾನು, ತಿರುಳಿನ ವಿಷಯ ಬಂದರೆ ಸುಮ್ಮನಿರುವುದು ಕಷ್ಟ. ಹೊಳೆಯ ಆಚೆ ದಡದ ಕುಮಾರಪಟ್ಟಣದಲ್ಲಿ ಮರವನ್ನು ತಿರುಳು ಮಾಡುವ ಕಾರ್ಖಾನೆ 1972ರಿಂದ ಇದೆ.

ವಿಶೇಷಾಂಕ: ಭದ್ರಾವತಿಯ ಮೈಸೂರು ಪೇಪರ್ ಮಿಲ್ಸ್ ಕೇಳಿದ್ದೀರಾ? 1936ರ ಮನೆತನ. 1981ರಿಂದ ಸುದ್ದಿಕಾಗದವನ್ನೂ ಮಾಡತೊಡಗಿತು. ನನ್ನ ಒಳಪುಟಗಳ ತವರು ಅದು. ಬಣ್ಣದ ಪುಟಗಳು ಎಲ್ಲಿಯವೋ, ಅವರ ಕುಲ ನಾನು ವಿಚಾರಿಸಿಲ್ಲ. ನುಣುಪು ಕಾಗದದವರು ನಮ್ಮ ಜೊತೆ ಮಾತಾಡುವುದೇ ಇಲ್ಲ. ಈಗ ನವಿಲಿನ ವಿಚಾರದಲ್ಲಿ ಏನಾಯಿತು ನೋಡಿ...

ನಾನು: ಭದ್ರಾವತಿಯ ಯಂತ್ರಗಳು ನಿಂತು ವರ್ಷಗಳೇ ಕಳೆದವು.

(ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ಕೇಳಿಸಲೇ ಇಲ್ಲವೆಂಬಂತೆ ಮುಂದುವರಿಸಿದರು.)

ವಿಶೇಷಾಂಕ: ನವಿಲಿನ ಗರಿಗೆ ಯಾವ ಪುಟ ಆರಿಸಿದರು ಗೊತ್ತೆ? ಸೀರೆ ಜಾಹೀರಾತು! ನೀಲಿ ಸೀರೆ ಕುತ್ತಿಗೆಗೆ, ಹಸಿರು ಸೀರೆ ಗರಿಗೆ, ಟೂತ್‌ಪೇಸ್ಟ್ ಹುಡುಗಿಯ ಹಲ್ಲು ಕಣ್ಣಿಗೆ. ನನ್ನ ಕಥಾಸ್ಪರ್ಧೆಯ ಮೊದಲ ಬಹುಮಾನಿತ ಕಥೆಯನ್ನು ಮುದ್ದೆ ಮಾಡಿ ಹೊಟ್ಟೆಗೆ ತುರುಕಿದರು. ಎರಡನೇ ಬಹುಮಾನ ಕಾಲಿನೊಳಗಿದೆ. ಮೆಚ್ಚುಗೆ ಪಡೆದ ಕಥೆಗಳಲ್ಲಿ ಕೈಗೆ ಮೆತ್ತಿದ ಅಂಟು ಒರೆಸಿಕೊಂಡರು. ಸಂಪಾದಕರು ಹಗಲೂ ರಾತ್ರಿ ಕೂತು ಆರಿಸಿದ್ದು ಕಥೆಗಳನ್ನು. ಜಾಹೀರಾತನ್ನು ಯಾರೂ ಆರಿಸಲಿಲ್ಲ, ದುಡ್ಡು ಕೊಟ್ಟು ಒಳಗೆ ಬಂತು. ಅಂದೂ ಅದಕ್ಕೇ ಒಳ್ಳೆಯ ಕಾಗದ, ಒಳ್ಳೆಯ ಜಾಗ. ಕಥೆ ಅರ್ಧ ಕಾಲಮಿಗೆ ನಿಂತು 'ಮುಂದುವರಿದ ಭಾಗ ಪುಟ 140' ಅಂತ ಗಂಟುಮೂಟೆ ಕಟ್ಟಬೇಕು. ಸೀರೆಗೆ ಇಡೀ ಪುಟ!

ನಾನು: ಜಾಹೀರಾತಿಲ್ಲದೆ ಪತ್ರಿಕೆ ನಡೆಯುತ್ತದೆಯೆ?

ವಿಶೇಷಾಂಕ: ಲಂಕೇಶರು 1980ರಿಂದ ನಡೆಸುತ್ತಿಲ್ಲವೆ? ಅವರ ಪತ್ರಿಕೆಯ ಒಂದು ಹಾಳೆಯಿಂದ ನವಿಲು ಮಾಡಿ ತೋರಿಸಲಿ ನೋಡೋಣ. ಕಾಗೆ ಕೂಡ ಆಗುವುದಿಲ್ಲ.

ನಾನು: ಆ ಸೀರೆ ಎಂಥದ್ದು? ಹತ್ತಿಯೋ, ರೇಷ್ಮೆಯೋ?

ವಿಶೇಷಾಂಕ: ನಿಮಗ್ಯಾಕೆ? ಕೃತಕ ರೇಷ್ಮೆ ಇರಬೇಕು. ಬೆಲೆ ಕಡಿಮೆ ಹಾಕಿತ್ತು.

ನಾನು: ಹಾಗಾದರೆ ಸಿಕ್ಕಿಬಿದ್ದಿರಿ! ಕೃತಕ ರೇಷ್ಮೆ ಅಂದರೆ ರೇಯಾನ್, ರೇಯಾನ್ ಅಂದರೆ ಮರದ ತಿರುಳು. ಕುಮಾರಪಟ್ಟಣದ ತಿರುಳು ಹೋಗುವುದು ಕಾಗದಕ್ಕಲ್ಲ, ನೂಲಿಗೆ. ಆ ಸೀರೆ ನಮ್ಮ ನೀಲಗಿರಿ ಆಗಿರಬಹುದು! ಊರಿನ ಗೋಮಾಳ, ಹುಲ್ಲುಗಾವಲುಗಳಲ್ಲಿ ನೀಲಗಿರಿ ಹಾಕಿ ಕಾರ್ಖಾನೆಗೆ ಒದಗಿಸಲು 1984ರಲ್ಲಿ ಸರ್ಕಾರವೂ ಕಂಪನಿಯೂ ಕೂಡಿ ಕರ್ನಾಟಕ ಪಲ್ಪ್‌ವುಡ್ ಅಂತ ಕಟ್ಟಿದವು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಎದ್ದು ನಿಂತಿತು. 1987ರ ನವೆಂಬರಿನಲ್ಲಿ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಗಿಡ ನೆಟ್ಟರಲ್ಲ, 'ಕಿತ್ತಿಕೊ ಹಚ್ಚಿಕೊ' ಸತ್ಯಾಗ್ರಹ, ಅದರ ಬಗ್ಗೆ ನಿಮ್ಮ ನಿಲುವೇನು?

ವಿಶೇಷಾಂಕ: ನಾನು 1985ರಲ್ಲಿ ಅಚ್ಚಾದವನು. 1987ರದ್ದು ನನಗೆ ಹೇಗೆ ಗೊತ್ತಿರಬೇಕು? ನನ್ನ ಲೆಕ್ಕದಲ್ಲಿ ಹರಿಹರ ಇನ್ನೂ ಚಿತ್ರದುರ್ಗ ಜಿಲ್ಲೆ. ಓದುಗರ ಓಲೆ ವಿಭಾಗ ತೆಗೆದು ನೋಡಿ, ವಿಳಾಸ ಹಾಗೇ ಇದೆ. ಆ ಓಲೆ ಬರೆದವರು ಧಾರಾವಾಹಿಯ ನಾಯಕಿಯನ್ನು ಸಾಯಿಸಬೇಡಿ ಅಂತ ಅಂಗಲಾಚಿದ್ದರು.

ನಾನು: ಸಾಯಿಸಿದರೆ?

ವಿಶೇಷಾಂಕ: ನವಿಲಿನ ಬಲಗಾಲು ಬಿಚ್ಚಿ ನೋಡಬೇಕು.

ನಾನು: ಅಲ್ಲ, 2017ರಲ್ಲಿ ಸರ್ಕಾರವೇ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಮೂವತ್ತು ವರ್ಷ ಬೇಕಾಯಿತು ಕುಸನೂರಿನವರ ಮಾತು ಕೇಳಿಸಲು. ಇದನ್ನು ಗಮನಿಸಿದಾಗ...

ವಿಶೇಷಾಂಕ: ಸ್ವಾಮಿ, ಸಂದರ್ಶನ ನನ್ನದೋ ನಿಮ್ಮದೋ?

ನಾನು: ಸರಿ ಸರಿ. ಕಾಗದದ ಕರಕುಶಲವನ್ನೇ ನೀವು ವಿರೋಧಿಸುತ್ತೀರಾ?

ವಿಶೇಷಾಂಕ: ಛೆ! ನನ್ನ ಅಕ್ಕಂದಿರು ಎಷ್ಟೋ ಜನ ಅಡುಗೆಮನೆ ಸೇರಿ ಸುಖವಾಗಿದ್ದಾರೆ. ಹಿಂದೆ ಅಜ್ಜಿಯಂದಿರು ಮಾಡುತ್ತಿದ್ದದ್ದು ನೋಡಿದ್ದೀರಾ? ಕಾಗದವನ್ನು ಚೂರು ಮಾಡಿ ನೀರಲ್ಲಿ ನೆನೆಹಾಕಿ ಕೊಳೆಸುವುದು. ನೆನೆದ ಮೆಂತ್ಯ ಸೇರಿಸಿ ಒರಳಲ್ಲಿ ನುಣ್ಣಗೆ ರುಬ್ಬುವುದು. ಕೊಡವನ್ನೋ ಬೋಗುಣಿಯನ್ನೋ ಬೋರಲು ಹಾಕಿ, ಅದರ ಮೇಲೆ ತಟ್ಟಿ, ಬಿಸಿಲಿಗೆ ಒಣಗಿಸಿ ಬಿಡಿಸಿಕೊಂಡರೆ ಬುಟ್ಟಿ. ಹಳೇ ಮೊರದ ಸಂದಿಗೂ ಅದನ್ನೇ ಸಾರಿಸುತ್ತಿದ್ದರು, ಮೆಂತ್ಯದ ಕಹಿಗೆ ಹುಳ ಹತ್ತುವುದಿಲ್ಲ. ಅಲ್ಲಿ ಸೀರೆಯೂ ಕಥೆಯೂ ಒಂದೇ ಒರಳಿಗೆ. ಬಣ್ಣದವರೆಂದು ಮರ್ಯಾದೆ ಹೆಚ್ಚಿಲ್ಲ. ಇನ್ನೊಂದು ವಿಷಯ, ಒರಳಿಗೆ ಹಾಕುವ ಹೊತ್ತಿಗೆ ಮನೆಯವರೆಲ್ಲ ಓದಿ, ಪಕ್ಕದ ಮನೆಯವರೂ ಎರವಲು ಒಯ್ದು ಓದಿ, ಅಂಕ ಅಟ್ಟ ಸೇರಿ ವರ್ಷಗಳಾಗಿರುತ್ತಿದ್ದವು.

ನಾನು: ಈಗ ಉದ್ದ ತ್ರಿಕೋನ ಕತ್ತರಿಸಿ ಕಸಬರಿಗೆ ಕಡ್ಡಿಗೆ ಸುತ್ತಿ ಮಣಿ ಮಾಡುತ್ತಾರೆ. ವಾರ್ನಿಶ್ ಹಚ್ಚಿದರೆ ಸರವೇ ಆಗುತ್ತದೆ.

ವಿಶೇಷಾಂಕ: ಗೊತ್ತು. ಅದಕ್ಕೂ ಸೀರೆಯವರೇ ಬೇಕು.

ನಾನು: ನಿನ್ನೆ ರಾತ್ರಿ ಏನೋ ಗಲಾಟೆಯಾಯಿತಂತೆ?

ವಿಶೇಷಾಂಕ: ಗಲಾಟೆ ಏನಿಲ್ಲ. ಹುಡುಗ ಕತ್ತರಿ ಹಿಡಿದಿದ್ದ. ನನ್ನ ನೂರಾ ಹನ್ನೆರಡನೇ ಪುಟ ಕೈಗೆ ಬಂತು. ಕಪ್ಪು ಬಿಳುಪು. ಬಾವಿಗೆ ಇಳಿದ ಹುಡುಗನ ಕಥೆ. ಇವನು ಕತ್ತರಿ ಕೆಳಗಿಟ್ಟ. ತುಟಿ ಅಲ್ಲಾಡಿಸುತ್ತ ಓದಿದ, ಬೆರಳಿಟ್ಟುಕೊಂಡು, ನಿಧಾನಕ್ಕೆ. ಪುಟ ಮುಗಿಯಿತು. 'ಅಪ್ಪಾ, ಇದರ ಮುಂದಿನ ಹಾಳೆ ಎಲ್ಲಿ?' ಅಂದ. ಅಪ್ಪ ನವಿಲಿನ ಹೊಟ್ಟೆಗೆ ಅಂಟು ಹಚ್ಚುತ್ತಿದ್ದರು. 'ಓದ್ತಾ ಕೂರಬೇಡ, ಕತ್ತರಿಸು. ಬೆಳಿಗ್ಗೆ ಕೊಡಬೇಕು' ಅಂದರು.

ನಾನು: ...

ವಿಶೇಷಾಂಕ: ಅಪ್ಪನ ಮೇಲೆ ನನಗೆ ಸಿಟ್ಟಿಲ್ಲ. ಹನ್ನೊಂದು ಗಂಟೆ ರಾತ್ರಿ, ಅಂಕ ಬೇರೆ ಕೊಡುತ್ತಾರಂತೆ. ಆದರೆ ಆ ಹುಡುಗನಿಗೆ ಒಂದು ಕನ್ನಡ ಕಥೆ ಕೈಗೆ ಸಿಗಬೇಕಾದರೆ ಅದು ಮೊದಲು ರದ್ದಿಯಾಗಬೇಕೆ? ತಕ್ಕಡಿಗೆ ಏರಬೇಕೆ? ಕರ್ನಾಟಕದಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಆದದ್ದು 1965ರಲ್ಲಿ. ಗ್ರಂಥಾಲಯಕ್ಕೆಂದೇ ಜನರಿಂದ ಕರ ಎತ್ತುತ್ತಾರೆ. ಆ ದುಡ್ಡು ಎಲ್ಲಿದೆ?

ಇದಕ್ಕೆ ಅವರು ಉತ್ತರಿಸಲಾರರು, ನಾನೇ ಹೇಳಬೇಕು. ಆಸ್ತಿ ತೆರಿಗೆಯ ಮೇಲೆ ಶೇ. 6 ಗ್ರಂಥಾಲಯ ಕರ. ಕಟ್ಟದಿದ್ದರೆ ನಮ್ಮನ್ನು ಬಿಡುವುದಿಲ್ಲ. ಕಟ್ಟಿಸಿಕೊಂಡ ಎಷ್ಟೋ ನಗರಸಭೆ, ಪಾಲಿಕೆಗಳು ಮಾತ್ರ ಅದನ್ನು ಗ್ರಂಥಾಲಯಕ್ಕೆ ದಾಟಿಸದೆ ವರ್ಷಗಟ್ಟಲೆ ಬಾಕಿ ಇಟ್ಟುಕೊಳ್ಳುತ್ತವೆ. ಬೆಂಗಳೂರಿನಲ್ಲಿ ಆ ಬಾಕಿ ಕೋಟಿಗಳಲ್ಲಿ ಬೆಳೆದದ್ದು ಎಲ್ಲರೂ ಓದಿದ ಸುದ್ದಿ. ಹಳ್ಳಿಯ ಗ್ರಂಥಾಲಯಗಳನ್ನು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ಒಪ್ಪಿಸಿದರು, 'ಅರಿವು ಕೇಂದ್ರ' ಎಂಬ ಫಲಕ ಬಂತು. ಒಳ್ಳೆಯದು, ಕೆಲವು ಕಡೆ ನಿಜಕ್ಕೂ ಮಕ್ಕಳು ಬರುತ್ತಾರೆ. ಆದರೆ ಪತ್ರಿಕೆಗೆ ದುಡ್ಡಿಲ್ಲ, ಮೇಲ್ವಿಚಾರಕರಿಗೆ ಸರಿಯಾದ ಸಂಬಳವಿಲ್ಲ ಎಂದರೆ ಫಲಕವನ್ನು ಓದಬೇಕೆ? ಕರ ಕಟ್ಟಿಸಿಕೊಂಡು ಪುಸ್ತಕ ಕೊಡದಿರುವುದಕ್ಕೆ ನನ್ನ ಊರಲ್ಲಿ ಕಳ್ಳತನ ಅನ್ನುತ್ತಾರೆ. ಇದರಲ್ಲಿ ನಗುವಂಥದ್ದೇನೂ ನನಗೆ ಕಾಣಲಿಲ್ಲ. ಸ್ವಲ್ಪ ಹೊತ್ತು ಇಬ್ಬರೂ ಕೆರೆಯ ಕಡೆ ತಿರುಗಿ ಕೂತೆವು.

ವಿಶೇಷಾಂಕ: ಆ ದಡದಲ್ಲಿರುವುದು ಏನು ಮರ?

ನಾನು: (ಉತ್ಸಾಹದಿಂದ) ಅದನ್ನೇ ಕೇಳಬೇಕು ಅಂತಿದ್ದೆ! ನೀಲಗಿರಿಯ ಬೇರು...

ವಿಶೇಷಾಂಕ: ಬೇಡ, ತಪ್ಪಾಯಿತು. ಕೊನೆಯ ಮಾತು ಕೇಳಿ, ಕತ್ತರಿ ಹುಡುಕುತ್ತಿದ್ದಾರೆ. ಈ ಸಂದರ್ಶನ ಯಾವ ಪುಟದಲ್ಲಿ ಬರುತ್ತದೆ?

ನಾನು: ಒಳಪುಟ.

ವಿಶೇಷಾಂಕ: ಬಣ್ಣವೋ?

ನಾನು: ಕಪ್ಪು ಬಿಳುಪು.

ವಿಶೇಷಾಂಕ: ಎದುರು ಪುಟ?

ನಾನು: ಹಬ್ಬದ ಸಂಚಿಕೆಯಲ್ಲವೆ. ಬಟ್ಟೆ ಅಂಗಡಿಯವರು ಕೇಳಿದ್ದಾರಂತೆ.

ವಿಶೇಷಾಂಕ: ಹಾಗಾದರೆ ಚಿಕ್ಕದಾಗಿ ಬರೆಯಿರಿ. ಹೊಟ್ಟೆಯೊಳಗೆ ಆಗಲೇ ಜಾಗ ಕಮ್ಮಿ ಇದೆ.